ನಿನ್ನವರ ಬಳಿಗೆ ಹೋಗು: ಮಾರ್ಕ 5ರ ಅಧ್ಯಯನ ಟಿಪ್ಪಣಿ

ಈ ವಾರ ಓದಬೇಕಾದ ಭಾಗ ಮಾರ್ಕ 5:1–20. ಟಿಪ್ಪಣಿಗೆ ಬರುವ ಮೊದಲು ವೇದಭಾಗವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ದೆವ್ವ ಹಿಡಿದು ಸಮಾಧಿಗಳಲ್ಲಿ ಅಲೆಯುತ್ತಿದ್ದ ಒಬ್ಬನನ್ನು ಯೇಸು ಗುಣಪಡಿಸಿದ ಈ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಭಾನುವಾರದ ಶಾಲೆಯ ದಿನಗಳಿಂದಲೇ ಗೊತ್ತು. ಹಂದಿಗಳ ಹಿಂಡು ಇಳಿಜಾರಿನಲ್ಲಿ ಓಡಿ ಸರೋವರಕ್ಕೆ ಬಿತ್ತು ಎಂಬಲ್ಲಿಗೆ ಕಥೆ ಮುಗಿದೇ ಹೋಯಿತು ಎಂದುಕೊಳ್ಳುತ್ತೇವೆ. ನನಗಂತೂ ಅದರ ತಿರುಳು ಕೊನೆಯ ಮೂರು ವಚನಗಳಲ್ಲಿದೆ. ದೆವ್ವ ಬಿಟ್ಟು ಹೋದ ಮೇಲೆ ಆ ಮನುಷ್ಯ ಎಲ್ಲಿಗೆ ಹೋಗಬೇಕು?

ಮೊದಲು ಸ್ಥಳವನ್ನು ಗುರುತಿಸಿಕೊಳ್ಳೋಣ. ಇದು ಗಲಿಲಾಯ ಸರೋವರದ ಆಚೆ ದಡ, ಪೂರ್ವದ ಕಡೆ. ಯೆಹೂದ್ಯರು ಹಂದಿ ಸಾಕುವುದಿಲ್ಲ. ಎರಡು ಸಾವಿರದಷ್ಟು ಹಂದಿಗಳ ಹಿಂಡು ಮೇಯುತ್ತಿತ್ತು ಎಂದ ಕೂಡಲೇ ಇದು ಅನ್ಯಜನರ ಸೀಮೆ ಎಂದು ತಿಳಿಯುತ್ತದೆ. ಊರಿನ ಹೆಸರು ಎಲ್ಲ ಹಸ್ತಪ್ರತಿಗಳಲ್ಲೂ ಒಂದೇ ಆಗಿಲ್ಲ: ಕೆಲವದರಲ್ಲಿ ಗೆರಸ, ಕೆಲವದರಲ್ಲಿ ಗದರ. ಗೆರಸ ಎಂದರೆ ಇಂದಿನ ಜೋರ್ಡಾನ್ ದೇಶದ ಜೆರಾಶ್. ಅದು ಸರೋವರದಿಂದ ಬಹಳ ದೂರ, ಆದ್ದರಿಂದ ಇಲ್ಲಿ ‘ಸೀಮೆ’ ಎಂಬ ಮಾತನ್ನು ವಿಶಾಲವಾಗಿಯೇ ತೆಗೆದುಕೊಳ್ಳಬೇಕು. 20ನೇ ವಚನದಲ್ಲಿ ಬರುವ ದೆಕಪೊಲಿ ಎಂದರೆ ಹತ್ತು ಪಟ್ಟಣಗಳು. ಗ್ರೀಕ್ ಸಂಸ್ಕೃತಿಯ ಪಟ್ಟಣಗಳ ಗುಂಪು ಅದು.

ಬೇಡಿಕೆಗಳನ್ನು ಎಣಿಸಿ

ಒಂದು ಪೆನ್ಸಿಲ್ ತೆಗೆದುಕೊಂಡು ‘ಬೇಡಿಕೊಂಡರು’ ಎಂಬ ಅರ್ಥದ ಮಾತು ಬಂದಲ್ಲೆಲ್ಲ ಅಡಿಗೆರೆ ಎಳೆಯಿರಿ. ನಾವು ಗುಂಪಿನಲ್ಲಿ ಹೀಗೆ ಮಾಡಿದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ದೆವ್ವಗಳು ಬೇಡಿಕೊಳ್ಳುತ್ತವೆ: ನಮ್ಮನ್ನು ಈ ಸೀಮೆಯಿಂದ ಓಡಿಸಬೇಡ, ಹಂದಿಗಳೊಳಗೆ ಸೇರಲು ಬಿಡು. ಯೇಸು ಬಿಡುತ್ತಾನೆ. ಊರಿನವರು ಬೇಡಿಕೊಳ್ಳುತ್ತಾರೆ: ನಮ್ಮ ಮೇರೆಯನ್ನು ಬಿಟ್ಟು ಹೋಗು. ಯೇಸು ಮರುಮಾತಿಲ್ಲದೆ ದೋಣಿ ಹತ್ತುತ್ತಾನೆ. ಕೊನೆಗೆ ಗುಣವಾದ ಮನುಷ್ಯ ಬೇಡಿಕೊಳ್ಳುತ್ತಾನೆ: ನಿನ್ನ ಸಂಗಡ ಇರಲು ಬಿಡು. ಇಡೀ ಅಧ್ಯಾಯದಲ್ಲಿ ಇದಕ್ಕಿಂತ ಒಳ್ಳೆಯ ಬೇಡಿಕೆ ಇಲ್ಲ. ಅದೊಂದಕ್ಕೇ ಯೇಸು ಒಪ್ಪುವುದಿಲ್ಲ.

ಗ್ರೀಕಿನಲ್ಲಿ ಈ ನಾಲ್ಕೂ ಕಡೆ, ಅಂದರೆ 10, 12, 17 ಮತ್ತು 18ನೇ ವಚನಗಳಲ್ಲಿ, ಒಂದೇ ಕ್ರಿಯಾಪದವಿದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಯೇಸು ಒಪ್ಪದಿದ್ದುದಕ್ಕೆ ಕಾರಣ 19ನೇ ವಚನದಲ್ಲಿದೆ: ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು; ಕರ್ತನು ನಿನಗೆ ಏನೆಲ್ಲ ಮಾಡಿದನೋ, ನಿನ್ನ ಮೇಲೆ ಎಂಥ ಕರುಣೆಯಿಟ್ಟನೋ ಅದನ್ನು ಅವರಿಗೆ ತಿಳಿಸು. ಇಲ್ಲಿ ಗ್ರೀಕ್ ಮೂಲದಲ್ಲಿ ‘ಸ್ನೇಹಿತರು’ ಎಂದಾಗಲಿ ‘ಬಂಧುಗಳು’ ಎಂದಾಗಲಿ ಇಲ್ಲ, ‘ನಿನ್ನವರು’ ಎಂದಷ್ಟೇ ಇದೆ. ಹಲವು ಭಾಷೆಗಳು ಈ ಪದದ ಮುಂದೆ ತಡವರಿಸಿ ಏನಾದರೊಂದನ್ನು ಸೇರಿಸಿಕೊಳ್ಳುತ್ತವೆ. ಕನ್ನಡಕ್ಕೆ ಆ ಕಷ್ಟವಿಲ್ಲ. ‘ನಮ್ಮವರು’, ‘ನಿನ್ನವರು’ ಎಂದರೆ ಮನೆಯವರೂ ಹೌದು, ಬೀದಿಯವರೂ ಹೌದು, ಊರಿನವರೂ ಹೌದು.

ಈಗ ಆ ‘ನಿನ್ನವರು’ ಯಾರೆಂದು ಯೋಚಿಸಿ. ಅವನ ಕೈಗೆ ಬೇಡಿ, ಕಾಲಿಗೆ ಸಂಕೋಲೆ ಹಾಕಿದವರು. ಅವನು ಬೆಟ್ಟದಲ್ಲಿ, ಸಮಾಧಿಗಳಲ್ಲಿ ಹಗಲಿರುಳು ಕೂಗಾಡುತ್ತಾ ಕಲ್ಲುಗಳಿಂದ ಮೈ ಕೊಯ್ದುಕೊಳ್ಳುತ್ತಿದ್ದುದನ್ನು ಕಂಡವರು. ಅವರಲ್ಲಿ ಕೆಲವರು ಅದೇ ದಿನ ಹಂದಿಗಳನ್ನು ಕಳೆದುಕೊಂಡವರು. ಬಟ್ಟೆ ತೊಟ್ಟು, ಬುದ್ಧಿ ನೆಟ್ಟಗಾಗಿ ಕುಳಿತಿದ್ದವನನ್ನು ನೋಡಿ ಅವರು ಸಂತೋಷಪಟ್ಟರೆಂದು ಮಾರ್ಕನು ಬರೆಯುವುದಿಲ್ಲ, ಹೆದರಿದರು ಎಂದು ಬರೆಯುತ್ತಾನೆ. ಅಂಥವರ ಬಳಿಗೆ ಒಬ್ಬನೇ ಹೋಗಬೇಕು. ಜೊತೆಗೆ ಶಿಷ್ಯರಿಲ್ಲ, ಕೈಯಲ್ಲಿ ಗ್ರಂಥವಿಲ್ಲ. ಇನ್ನೂ ಮಾಸದ ಗಾಯದ ಗುರುತುಗಳು ಮಾತ್ರ ಮೈಮೇಲೆ ಇದ್ದಿರಬೇಕು.

ಅವನಿಗೆ ಒಪ್ಪಿಸಿದ ಕೆಲಸ ಎಷ್ಟು ಚಿಕ್ಕದು ನೋಡಿ. ವಾದ ಮಾಡು ಎಂದಿಲ್ಲ, ಅವರ ದೇವರುಗಳ ಬಗ್ಗೆ ಮಾತಾಡು ಎಂದಿಲ್ಲ. ನಿನಗೆ ಆದದ್ದನ್ನು ಹೇಳು, ಅಷ್ಟೇ. ದೂರದ ಊರಿನಲ್ಲಿ ಸಾಕ್ಷಿ ಹೇಳುವವನು ಸ್ವಲ್ಪ ಉಪ್ಪು ಖಾರ ಸೇರಿಸಿದರೂ ಯಾರಿಗೂ ತಿಳಿಯದು. ಹುಟ್ಟಿದ ಊರಿನಲ್ಲಿ ಅದು ನಡೆಯುವುದಿಲ್ಲ. ನಮ್ಮ ಹಳೆಯ ಬದುಕೂ ಅವರಿಗೆ ಗೊತ್ತು, ಇಂದು ಬೆಳಿಗ್ಗೆ ನೀರಿನ ನಲ್ಲಿಯ ಬಳಿ ಆಡಿದ ಮಾತೂ ಗೊತ್ತು.

ಮನೆಯೇ ಕಷ್ಟದ ಜಾಗ

ಮಾರ್ಕನು ಇದನ್ನು ಮುಚ್ಚಿಡುವುದಿಲ್ಲ. ಮುಂದಿನ ಅಧ್ಯಾಯದ ಆರಂಭದಲ್ಲೇ (6:1–6) ಯೇಸು ತನ್ನ ಸ್ವಂತ ಊರಿಗೆ ಬರುತ್ತಾನೆ. ಇವನು ಆ ಬಡಗಿಯಲ್ಲವೇ, ಮರಿಯಳ ಮಗನಲ್ಲವೇ ಎಂದು ಊರು ಕೇಳುತ್ತದೆ. ಪ್ರವಾದಿಗೆ ಬೇರೆಲ್ಲಿಯಾದರೂ ಮರ್ಯಾದೆ ಸಿಕ್ಕೀತು. ಸ್ವಂತ ಊರಿನಲ್ಲಿ, ನೆಂಟರಲ್ಲಿ, ಮನೆಯಲ್ಲಿ ಸಿಗದು ಎಂದು ಯೇಸುವೇ ಹೇಳುತ್ತಾನೆ. ಕೆಲವು ಮಂದಿ ರೋಗಿಗಳ ಮೇಲೆ ಕೈಯಿಟ್ಟು ಗುಣಪಡಿಸಿದ್ದು ಬಿಟ್ಟರೆ ಅಲ್ಲಿ ಬೇರೆ ಮಹತ್ಕಾರ್ಯ ಮಾಡಲಾಗಲಿಲ್ಲ. ಆ ‘ಕೆಲವು ಮಂದಿ’ ನನಗೆ ಬಹಳ ಧೈರ್ಯ ಕೊಡುವ ಮಾತು. ಕಡೆಗಣಿಸಿದ ಊರಿನಲ್ಲೂ ಅವನು ಕೈ ಮುದುಡಿಕೊಂಡು ಕೂರಲಿಲ್ಲ.

ನಮ್ಮ ಕರಾವಳಿಯ ಇತಿಹಾಸವನ್ನು ಇಲ್ಲಿ ನೆನೆಯಲೇಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಅವರ ಬೋಧನೆ ಕೇಳಿ ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರಿಗೆ ‘ನಿನ್ನ ಮನೆಗೆ ಹೋಗು’ ಎಂಬ ಮಾತನ್ನು ಪಾಲಿಸುವ ದಾರಿಯೇ ಉಳಿಯಲಿಲ್ಲ. ಜಾತಿಯಿಂದ ಹೊರಗಾದರು, ಮನೆ ಹೋಯಿತು, ಕುಲಕಸುಬೂ ಹೋಯಿತು. ಅವರಿಗೆ ಹೊಟ್ಟೆಪಾಡಿಗೆ ದಾರಿಯಾಗಲೆಂದು ನೇಯ್ಗೆಯ ಮಗ್ಗಗಳು ಬಂದವು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹೆಂಚು ಊರೂರಿನ ಮಾಡು ಏರಿತು. ಮನೆ ಕಳೆದುಕೊಂಡವರ ಕೈಯಿಂದ ಇಡೀ ನಾಡಿನ ಮನೆಗಳಿಗೆ ಸೂರು ಬಂತು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಆದರೆ ಅಂದು ಅನಿವಾರ್ಯವಾಗಿದ್ದ ಮಿಷನ್ ಕಾಂಪೌಂಡಿನ ಗೋಡೆ ಇಂದು ನಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ ಎಂದು ನನಗನಿಸುತ್ತದೆ. ನಮ್ಮ ಸ್ನೇಹ, ನಮ್ಮ ಹಾಡು, ನಮ್ಮ ಕಷ್ಟಸುಖ ಎಲ್ಲವೂ ಸಭೆಯ ಒಳಗೇ ಮುಗಿಯುತ್ತದೆ. ಆ ಮಿಷನರಿಗಳಾದರೂ ಹಾಗಿರಲಿಲ್ಲ. ಮನೆಮನೆಯ ಮಾತು ತುಳು ಎಂದು ಕಂಡುಕೊಂಡು ತುಳು ಕಲಿತರು. 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿ ಬಂತು. ಅಡುಗೆಮನೆಯಲ್ಲಿ ಆಡುವ ಭಾಷೆಯಲ್ಲಿ ಪ್ರಾರ್ಥಿಸಬಹುದು ಎಂದು ಅಂದಿನ ಹೆಂಗಸರಿಗೆ ಗೊತ್ತಾದ ಆ ದಿನ ಹೇಗಿದ್ದಿರಬಹುದು!

ಕೊರ್ಬಾನ್, ಅಥವಾ ಅಪ್ಪನ ಗಡ್ಡ

ಮಾರ್ಕ 7:9–13ನ್ನು ಇದರ ಜೊತೆಗೇ ಓದಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿಬಿಟ್ಟರೆ ಮಗನ ಹೊಣೆ ತೀರಿತು ಎಂಬ ಸಂಪ್ರದಾಯವನ್ನು ಯೇಸು ಅಲ್ಲಿ ಕಟುವಾಗಿ ಖಂಡಿಸುತ್ತಾನೆ. ಪೌಲನ ಪತ್ರದಲ್ಲೂ ಇದೇ ಇದೆ (1 ತಿಮೊಥೆ 5:4): ದೇವಭಕ್ತಿಯನ್ನು ಮೊದಲು ಸ್ವಂತ ಮನೆಯಲ್ಲಿ ತೋರಿಸಲು ಕಲಿಯಬೇಕು.

ಈ ಭಾಗ ನನಗೆ ಅರ್ಥವಾದದ್ದು ತಡವಾಗಿ. ಅಪ್ಪನಿಗೆ ಬಲಭಾಗದ ಸ್ವಾಧೀನ ತಪ್ಪಿದ ವರ್ಷ ನಾನು ಮೂರು ಗುಂಪುಗಳಿಗೆ ಪಾಠ ಮಾಡುತ್ತಿದ್ದೆ. ಒಂದು ಶನಿವಾರ ಸಂಜೆ ಬೈಬಲ್ಲು ಹಿಡಿದು ಹೊರಟಾಗ ನನ್ನ ತಮ್ಮ ಹಿತ್ತಲಿನಲ್ಲಿ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಸ್ಟೀಲ್ ಲೋಟದಲ್ಲಿ ಬಿಸಿನೀರಿಟ್ಟು, ಬಲಗೆನ್ನೆಯ ಜೋತ ಚರ್ಮವನ್ನು ಎರಡು ಬೆರಳಿನಿಂದ ಎಳೆದು ಹಿಡಿದು ಮೆಲ್ಲಗೆ ಗಡ್ಡ ತೆಗೆಯುತ್ತಿದ್ದ. ಅವನು ದೇವಾಲಯಕ್ಕೆ ಬರುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. “ನೀನು ಹೋಗಿ ಬಾ ಅಣ್ಣ, ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ” ಎಂದ. ಅದರಲ್ಲಿ ಕೊಂಕಿರಲಿಲ್ಲ. ಅಂದಿನ ಪಾಠ ನನ್ನ ಬಾಯಿಂದ ಸರಿಯಾಗಿ ಹೊರಡಲಿಲ್ಲ. ಮರುವಾರದಿಂದ ಎರಡು ಗುಂಪುಗಳನ್ನು ಬೇರೆಯವರಿಗೆ ಒಪ್ಪಿಸಿದೆ, ರೇಜರ್ ಹಿಡಿಯುವುದನ್ನು ತಮ್ಮನಿಂದ ಕಲಿತೆ. ನನಗೂ ಅವನಿಗೂ ನಂಬಿಕೆಯ ಬಗ್ಗೆ ಮಾತು ಶುರುವಾದದ್ದು ಆಮೇಲೆ, ಆ ಕುರ್ಚಿಯ ಅಕ್ಕಪಕ್ಕ ನಿಂತು.

ನೆರೆಮನೆಯ ತಟ್ಟೆ

ಗುಂಪಿನಲ್ಲಿ ಪ್ರತಿ ಸಲ ಏಳುವ ಪ್ರಶ್ನೆ: ಪಕ್ಕದ ಮನೆಯಿಂದ ಪೂಜೆಯ ಪ್ರಸಾದ ಬಂದರೆ ಏನು ಮಾಡಬೇಕು? 1 ಕೊರಿಂಥ 10:25–33 ಓದಿ. ಕೊರಿಂಥದ ಮಾರುಕಟ್ಟೆಯಲ್ಲಿ ಮಾರುವ ಮಾಂಸ ಗುಡಿಯಲ್ಲಿ ಬಲಿಯಾದದ್ದೂ ಇರಬಹುದಿತ್ತು. ಪೌಲನು ಹೇಳುವುದು: ವಿಚಾರಣೆ ಮಾಡದೆ ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು, ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ, ಆದರೆ ಇದು ನೈವೇದ್ಯ ಎಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿ. ಗಮನಿಸಿ, ಇಲ್ಲಿ ತೂಗುವುದು ಎದುರಿಗಿರುವವನ ಮನಸ್ಸು. ನಾನು ಪ್ರಸಾದವನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಕೈ ಮುಗಿದು ಹೇಳುತ್ತೇನೆ, ಹೇಳಿ ಎದ್ದು ಬರುವುದಿಲ್ಲ. ಕುಳಿತು ಅವರ ಮಗಳ ಪರೀಕ್ಷೆಯ ವಿಷಯ ವಿಚಾರಿಸಿ ಬರುತ್ತೇನೆ. ಅವರ ಮನೆಯ ಮದುವೆಯಲ್ಲಿ ಪಂಕ್ತಿಯಲ್ಲಿ ಕೂರುತ್ತೇನೆ, ಬಡಿಸಲೂ ನಿಲ್ಲುತ್ತೇನೆ. ಬೇರೆ ತೀರ್ಮಾನಕ್ಕೆ ಬಂದವರ ಮೇಲೆ ತೀರ್ಪು ಕೊಡುವ ಮೊದಲು ರೋಮಾಪುರ 14ನ್ನು ಓದಿಕೊಳ್ಳಿ.

ಕ್ರಿಸ್ಮಸ್ ವಾರದಲ್ಲಿ ನನ್ನ ಅಮ್ಮ ಕುಸ್ವಾರ್ ತಟ್ಟೆ, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಜೋಡಿಸುವುದನ್ನು ನೋಡಿಯೇ ಈ ವಚನಗಳು ನನಗೆ ಚೆನ್ನಾಗಿ ತಿಳಿದದ್ದು. ಮೊಟ್ಟೆ ಹಾಕಿದ ರೋಸ್ ಕುಕೀಸನ್ನು ಅವರು ಬೇರೆ ಡಬ್ಬಿಯಲ್ಲಿಡುತ್ತಾರೆ. ಎದುರುಮನೆಯ ಭಟ್ಟರ ತಟ್ಟೆಗೆ ನೆವ್ರಿ, ಚಕ್ಕುಲಿ, ತುಕ್ಡಿ ಮಾತ್ರ, ಅದೂ ಮೊಟ್ಟೆಯ ಹಿಟ್ಟು ಕಲಸುವ ಮೊದಲೇ ಬೇರೆ ಎಣ್ಣೆಯಲ್ಲಿ ಕರಿದದ್ದು. ಕಸೂತಿಯ ಬಟ್ಟೆ ಮುಚ್ಚಿ ತಟ್ಟೆ ಹೋಗುತ್ತದೆ, ಒಂದು ಮುಷ್ಟಿ ಸಕ್ಕರೆ ಹೊತ್ತು ಹಿಂದಿರುಗುತ್ತದೆ. ಖಾಲಿ ತಟ್ಟೆ ಕೊಡಬಾರದಲ್ಲ. ಕಥೋಲಿಕ ನೆರೆಯವರು ಸೆಪ್ಟೆಂಬರ್ 8ರ ತೆನೆ ಹಬ್ಬದಲ್ಲಿ ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸೇವಿಸುವುದು ಇದೇ ಮಣ್ಣಿನ ಹೊಸ ಅಕ್ಕಿ ಊಟದ ನೆಂಟನೇ.

ನಾಮಾನನ ಎರಡು ಹೇರು ಮಣ್ಣು

2 ಅರಸು 5ನ್ನು ಹೋಲಿಕೆಗಾಗಿ ಸೇರಿಸಿದ್ದೇನೆ. ಕುಷ್ಠ ವಾಸಿಯಾದ ಮೇಲೆ ಅರಾಮ್ ದೇಶದ ಸೇನಾಪತಿ ನಾಮಾನನೂ ಮನೆಗೇ ಹಿಂದಿರುಗಬೇಕು. ಎರಡು ಹೇಸರಕತ್ತೆ ಹೊರುವಷ್ಟು ಇಸ್ರಾಯೇಲಿನ ಮಣ್ಣನ್ನು ಕೇಳಿ ಪಡೆಯುತ್ತಾನೆ. ಆಮೇಲೆ ಒಂದು ಅಳುಕನ್ನು ಮುಂದಿಡುತ್ತಾನೆ: ನನ್ನ ಅರಸನು ನಮ್ಮ ನಾಡಿನ ದೇವರಾದ ರಿಮ್ಮೋನನ ಗುಡಿಯಲ್ಲಿ ನನ್ನ ಕೈ ಆತು ಅಡ್ಡಬೀಳುವಾಗ ನಾನೂ ಬಾಗಬೇಕಾಗುತ್ತದೆ, ಕರ್ತನು ಕ್ಷಮಿಸಲಿ. ಪ್ರವಾದಿ ಎಲೀಷನು ಬೈಯುವುದಿಲ್ಲ, ‘ಪರವಾಗಿಲ್ಲ’ ಎಂದೂ ಹೇಳುವುದಿಲ್ಲ. ಸಮಾಧಾನದಿಂದ ಹೋಗು ಎನ್ನುತ್ತಾನೆ. ಹೊಸದಾಗಿ ನಂಬಿ, ನಂಬದ ಮನೆಗೆ ಸಂಜೆ ಹಿಂದಿರುಗುವ ಗೆಳೆಯರು ನಮ್ಮ ಗುಂಪಿನಲ್ಲಿದ್ದಾರೆ. ಅವರಿಗೆ ನಿಯಮಗಳ ಪಟ್ಟಿ ಕೊಡುವ ಮೊದಲು ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ. 1 ಪೇತ್ರ 3:1–2 ಕೂಡ ಅಂಥ ಮನೆಗಳಿಗಾಗಿಯೇ ಬರೆದದ್ದು. ವಾಕ್ಯವನ್ನು ಕೇಳಲೊಲ್ಲದ ಗಂಡಂದಿರನ್ನು ಮಾತಿಲ್ಲದೆ ನಡತೆಯೇ ಗೆಲ್ಲಬಹುದು ಎನ್ನುತ್ತದೆ.

ಈಗ ಪೆನ್ಸಿಲ್ ಗುರುತಿಗೆ ಹಿಂದಿರುಗೋಣ. ಗುಣವಾದ ಮನುಷ್ಯ ದೆಕಪೊಲಿಯಲ್ಲೆಲ್ಲ ಸಾರಿದ, ಎಲ್ಲರೂ ಆಶ್ಚರ್ಯಪಟ್ಟರು ಎಂದು 5:20 ಹೇಳುತ್ತದೆ. ಅವನ ಹೆಸರು ಕೂಡ ಮುಂದೆಲ್ಲೂ ಬರುವುದಿಲ್ಲ. ಆದರೆ 7:31ರಲ್ಲಿ ಯೇಸು ಮತ್ತೆ ದೆಕಪೊಲಿಯ ಸೀಮೆಗೆ ಬರುತ್ತಾನೆ. ಈ ಸಲ ಅಲ್ಲಿನ ಜನರೇ ಒಬ್ಬ ಕಿವುಡನನ್ನು ಕರೆತಂದು, ಇವನ ಮೇಲೆ ಕೈಯಿಡು ಎಂದು ಬೇಡಿಕೊಳ್ಳುತ್ತಾರೆ. ಹೊರಟುಹೋಗು ಎಂದು ಬೇಡಿಕೊಂಡಾಗ ಬಳಸಿದ ಅದೇ ಕ್ರಿಯಾಪದ ಇಲ್ಲಿದೆ.