ಆಳ ಹೆಚ್ಚಿದಂತೆ ಹಗ್ಗಕ್ಕೆ ರಿಯಾಯಿತಿ ಏಕೆ?

ಗಣಿ ಕಾರ್ಮಿಕರನ್ನು ನೆಲದಾಳಕ್ಕೆ ಇಳಿಸುವ ಕೇಜಿನ ಮಾತೆತ್ತಿದರೆ ಸಾಕು, ಎಲ್ಲರೂ ಕೇಳುವುದು ಅದನ್ನೇ: ಹಗ್ಗ ಹರಿದರೆ ಗತಿಯೇನು? ಇನ್ನೂ ದಪ್ಪ ಹಗ್ಗ ಹಾಕಬಾರದೇ? ಮೊದಲನೆಯದು ನ್ಯಾಯವಾದ ಭಯ. ಎರಡನೆಯದು ನನ್ನ ತಾಳ್ಮೆ ಕೆಡಿಸುವ ಪ್ರಶ್ನೆ.

ಅಮೆರಿಕದ ಗಣಿ ಸುರಕ್ಷತಾ ನಿಯಮವನ್ನೇ ನೋಡಿ. ಕೇಜನ್ನು ಏರಿಳಿಸುವ ಯಂತ್ರದ ಡ್ರಮ್ಮಿಗೆ, ಅಂದರೆ ತಿರುಗುವ ದೊಡ್ಡ ಉರುಳೆಗೆ, ಸುತ್ತಿಕೊಳ್ಳುವ ಹೊಸ ಹಗ್ಗ 1,000 ಅಡಿ ಉದ್ದವಿದ್ದರೆ, ತಾನು ಹೊರುವ ಒಟ್ಟು ಭಾರದ 6 ಪಟ್ಟು ತಾಳಬೇಕು. 2,000 ಅಡಿಗೆ 5 ಪಟ್ಟು. 3,000 ಅಡಿ ಮುಟ್ಟಿದ ಮೇಲೆ 4 ಪಟ್ಟು ಸಾಕು. ಆಳ ಹೆಚ್ಚಿದಷ್ಟೂ ಭದ್ರತೆ ಕಡಿಮೆಯೇ? ಬರೆದವರ ತಲೆ ಕೆಟ್ಟಿರಲಿಲ್ಲ.

ಆ ಒಟ್ಟು ಭಾರದಲ್ಲಿ ಹಗ್ಗದ ತೂಕವೂ ಸೇರಿದೆ. ಸಾಮಾನ್ಯ ಉಕ್ಕಿನ ಹಗ್ಗವನ್ನು ಸುಮಾರು 17 ಕಿ.ಮೀ. ಇಳಿಬಿಟ್ಟರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ, ತುದಿಗೆ ಏನನ್ನೂ ಕಟ್ಟಬೇಕಿಲ್ಲ. ಎಲ್ಲ ಆಳಕ್ಕೂ, ಉದಾಹರಣೆಗೆ, 7 ಪಟ್ಟೇ ಬೇಕೆಂದು ಹಟ ಹಿಡಿದರೆ, ಎರಡೂವರೆ ಕಿ.ಮೀ. ಹತ್ತಿರ ಹೋಗುವಷ್ಟರಲ್ಲಿ ಹಗ್ಗಕ್ಕೆ ತನ್ನನ್ನು ಹೊರುವುದೇ ಸಾಕಾಗಿ ಒಬ್ಬ ಕಾರ್ಮಿಕನಿಗೂ ಜಾಗ ಉಳಿಯುವುದಿಲ್ಲ. ದಪ್ಪ ಮಾಡಿದರೆ? ಬಲ ಎರಡು ಪಟ್ಟಾದರೆ ತೂಕವೂ ಎರಡು ಪಟ್ಟು. ಸಂಬಳದಷ್ಟೇ ಸಾಲವೂ ಬೆಳೆದ ಹಾಗೆ.

ಇನ್ನೊಂದು ಕಾರಣ ನನಗೆ ಇನ್ನೂ ಇಷ್ಟ. ಹಗ್ಗಕ್ಕೆ ನಿಂತ ಭಾರಕ್ಕಿಂತ ಹಠಾತ್ ಜಗ್ಗು ಅಪಾಯಕಾರಿ. ಉದ್ದದ ಹಗ್ಗ ಹೆಚ್ಚು ಹಿಗ್ಗುತ್ತದೆ, ಜಗ್ಗನ್ನು ನುಂಗಿಕೊಳ್ಳುತ್ತದೆ. ಕಲ್ಲುಚಪ್ಪಡಿಯ ಮೇಲೆ ಧುಮುಕುವುದಕ್ಕೂ ಹುಲ್ಲಿನ ಮೆದೆಯ ಮೇಲೆ ಧುಮುಕುವುದಕ್ಕೂ ಇರುವ ವ್ಯತ್ಯಾಸ ಇದು. ವೇಗದ ಚೆಂಡನ್ನು ಹಿಡಿಯುವಾಗ ಆಟಗಾರ ಕೈ ಹಿಂದಕ್ಕೆಳೆದುಕೊಳ್ಳುವುದೂ ಇದೇ ಉಪಾಯ. ಗಿಡ್ಡ ಹಗ್ಗಕ್ಕೆ ಹಾಗೆ ಕೈ ಎಳೆದುಕೊಳ್ಳಲು ಜಾಗವಿಲ್ಲ, ಅದಕ್ಕೇ ಅದರಿಂದ ಹೆಚ್ಚು ಬಲ ಕೇಳುತ್ತಾರೆ.

ಮೊದಲು ಕಬ್ಬಿಣದ ಸರಪಳಿಗಳಿದ್ದವು. ಒಂದು ಕೊಂಡಿ ಕಳಚಿದರೆ ಎಲ್ಲ ಮುಗಿಯಿತು. ಅದರ ಕಾಟಕ್ಕೆ ಬೇಸತ್ತು 1834ರಲ್ಲಿ ಜರ್ಮನಿಯ ಕ್ಲೌಸ್ತಾಲ್‌ನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ತಂತಿ ಹೊಸೆದು ಹಗ್ಗ ಮಾಡಿದ. ನಾಲ್ಕು ನಾಲ್ಕು ತಂತಿಯ ಮೂರು ಎಳೆ, ಅಷ್ಟೇ. ಒಂದು ತಂತಿ ಕಡಿದರೆ ಉಳಿದವು ಹೊರುತ್ತವೆ, ನಮಗೆ ಸುಳಿವೂ ಸಿಗುತ್ತದೆ. ನಿಧಾನವಾಗಿ ಸಾಗುವ ಹಗ್ಗಕ್ಕೆ ಹತ್ತಿಯ ಚಿಂದಿ ಸುತ್ತಿ ಹಿಡಿದರೆ, ಕಡಿದ ತಂತಿಯ ಮೊನೆಗೆ ನೂಲು ಸಿಕ್ಕಿಕೊಂಡು ಜೋತಾಡುತ್ತದೆ. ಒಂದು ಹೊಸೆತದ ಉದ್ದದಲ್ಲಿ, ಅಂದರೆ ಒಂದು ಎಳೆ ಹಗ್ಗವನ್ನು ಪೂರ್ತಿ ಒಂದು ಸುತ್ತು ಬರುವಷ್ಟು ಉದ್ದದಲ್ಲಿ, ಶೇ 5ಕ್ಕಿಂತ ಹೆಚ್ಚು ತಂತಿ ಕಡಿದಿದ್ದರೆ ಆ ಹಗ್ಗವನ್ನು ತೆಗೆದುಹಾಕಲೇಬೇಕು ಎನ್ನುತ್ತದೆ ಅಮೆರಿಕದ ನಿಯಮ.

ಆದರೆ ಯಂತ್ರದ ಉಳಿದ ಭಾಗಗಳಿಗೆ ಇಂಥ ಔದಾರ್ಯ ಇರಬೇಕಲ್ಲ! 1973ರ ಜುಲೈ 30ರಂದು ಇಂಗ್ಲೆಂಡಿನ ಮಾರ್ಕಂ ಕಲ್ಲಿದ್ದಲು ಗಣಿಯಲ್ಲಿ 29 ಮಂದಿಯಿದ್ದ ಕೇಜ್ ತಳಕ್ಕೆ ಅಪ್ಪಳಿಸಿ 18 ಮಂದಿ ಸತ್ತರು. ಕಾರಣ ಹಗ್ಗವಲ್ಲ. ಬ್ರೇಕಿನ ಸ್ಪ್ರಿಂಗುಗಳ ನಡುವಿನ ಒಂದೇ ಒಂದು ಉಕ್ಕಿನ ಸರಳು ಒಳಗೊಳಗೇ ಬಿರುಕು ಬಿಟ್ಟು ತುಂಡಾಗಿತ್ತು. ಅದು ಕೈಕೊಟ್ಟರೆ ಹೊರಲು ಇನ್ನೊಂದಿರಲಿಲ್ಲ.

ಹಾಗೆಂದು ಬ್ರೇಕ್ ಬಿಗಿಯಾಗಿ ಹಿಡಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಹಗ್ಗ ಎಳೆಯಬಲ್ಲದು, ತಳ್ಳಲಾರದು. ಮೇಲೇರುತ್ತಿರುವ ಕೇಜಿನ ವೇಗ ತಗ್ಗಿಸುವುದು ಗುರುತ್ವ ಮಾತ್ರ. ಅದಕ್ಕಿಂತ ಬೇಗ ಡ್ರಮ್ ನಿಂತುಬಿಟ್ಟರೆ ಕೇಜ್ ಮೇಲಕ್ಕೆ ಜಿಗಿಯುತ್ತದೆ, ಹಗ್ಗ ಸಡಿಲಾಗುತ್ತದೆ, ಮರುಗಳಿಗೆ ಕೇಜ್ ಕೆಳಕ್ಕೆ ಬಿದ್ದು ಹಗ್ಗವನ್ನು ಜಗ್ಗುತ್ತದೆ. ತುರ್ತು ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 16 ಅಡಿಗಿಂತ ಹೆಚ್ಚು ತಗ್ಗಬಾರದು ಎನ್ನುತ್ತದೆ ಅದೇ ಅಮೆರಿಕದ ನಿಯಮ. ಗುರುತ್ವ ತಗ್ಗಿಸುವುದು 32 ಅಡಿ, ಅಂದರೆ ನಿಯಮದ ಮಿತಿ ಅದರ ಅರ್ಧ.