ಮೂರು ಹೇಳಿಕೆ, ಒಂದು ಖುಲಾಸೆ

“ಸಾಯೂ ಹೊತ್ತಿನ್ಯಾಗ ಯಾರರ ಸುಳ್ಳು ಹೇಳ್ತಾರೇನ್ರೀ ವಕೀಲ್ರ?”

ಸೆಷನ್ಸ್ ಕೋರ್ಟಿನ ತೀರ್ಪಿನ ದೃಢೀಕೃತ ನಕಲನ್ನು ಮೇಜಿನ ಮೇಲಿಟ್ಟು ಆ ತಂದೆ ಕೇಳಿದ ಮೊದಲ ಮಾತು ಇದು. ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿ ಎಂಟನೇ ದಿನ ತೀರಿಕೊಂಡ ಮಗಳು ಸಾಯುವ ಮುನ್ನ ಗಂಡನ ಹೆಸರು ಹೇಳಿದ್ದಳು. ಬರೆದುಕೊಂಡವರಿದ್ದರು, ಹೆಬ್ಬೆಟ್ಟು ಒತ್ತಿಸಿದವರಿದ್ದರು. ಆದರೂ ಕೊನೆಯ ಪುಟದಲ್ಲಿ ‘ಆರೋಪಿಯನ್ನು ಖುಲಾಸೆಗೊಳಿಸಲಾಗಿದೆ’ ಎಂದಿತ್ತು. ಅಳಿಯ ಅದೇ ಸಂಜೆ ಊರಿಗೆ ಬಂದು ಹೋಟೆಲಿನ ಮುಂದೆ ಚಹಾ ಕುಡಿಯುತ್ತ ನಿಂತಿದ್ದನಂತೆ. ತಾಯಿ ಇದನ್ನು ಎರಡು ಸಲ ಹೇಳಿದರು.

ಹೈಕೋರ್ಟಿನ ಧಾರವಾಡ ಪೀಠದಲ್ಲಿ ಕ್ರಿಮಿನಲ್ ಮೇಲ್ಮನವಿಗಳನ್ನು ನಡೆಸುವ ವಕೀಲನಾದ ನನಗೆ ಈ ಪ್ರಶ್ನೆ ಹೊಸದಲ್ಲ. ಕಾನೂನು ಕೂಡ ಅಲ್ಲಿಂದಲೇ ಹೊರಟಿದೆ. ಸಾವಿನ ಬಾಗಿಲಲ್ಲಿ ನಿಂತವರು ಬಾಯಲ್ಲಿ ಸುಳ್ಳು ಇಟ್ಟುಕೊಂಡು ಹೋಗುವುದಿಲ್ಲ ಎಂಬ ನಂಬಿಕೆಯಿಂದಲೇ, ಸಾಯುವ ಮುನ್ನ ಆಡಿದ ಮಾತನ್ನು, ಅಂದರೆ ಮರಣಪೂರ್ವ ಹೇಳಿಕೆಯನ್ನು, ಸಾಕ್ಷ್ಯವಾಗಿ ಒಪ್ಪುವ 1872ರ ಸಾಕ್ಷ್ಯ ಅಧಿನಿಯಮದ 32(1)ನೇ ಕಲಂ ಹುಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 26ನೇ ಕಲಮಿಗೆ ಬಂದಿದೆ, ತಿರುಳು ಹಾಗೇ ಉಳಿದಿದೆ. ಪ್ರಮಾಣ ಮಾಡಿಸದ, ಪಾಟೀಸವಾಲಿಗೆ ಒಳಪಡದ ಮಾತನ್ನು ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪುವ ಕೆಲವೇ ಸಂದರ್ಭಗಳಲ್ಲಿ ಇದೊಂದು. ಹಾಗೆ ನೋಡಿದರೆ ನಮ್ಮ ಕಾನೂನು ಇಂಗ್ಲೆಂಡಿನಲ್ಲಿದ್ದ ಹಳೆಯ ನಿಯಮಕ್ಕಿಂತ ಉದಾರವಾಗಿದೆ. ಹೇಳುವಾಗ ‘ನಾನಿನ್ನು ಬದುಕುವುದಿಲ್ಲ’ ಎಂಬ ಅರಿವು ಆಕೆಗೆ ಇರಲೇಬೇಕೆಂದು ನಮ್ಮಲ್ಲಿ ಇಲ್ಲ. ಒಂದು ವೇಳೆ ಆಕೆ ಬದುಕಿಬಿಟ್ಟರೆ ಮಾತ್ರ ಆ ಹೇಳಿಕೆಗೆ ಈ ವಿಶೇಷ ಸ್ಥಾನ ಇರುವುದಿಲ್ಲ, ಆಕೆಯೇ ಬಂದು ಕಟಕಟೆಯಲ್ಲಿ ನಿಲ್ಲಬೇಕು.

ಆದರೂ ಆ ತಂದೆಗೆ ನಾನು ಹೇಳಬೇಕಾಗಿ ಬಂದದ್ದು ಇಷ್ಟು. ನಿಮ್ಮ ಮಗಳು ಸುಳ್ಳು ಹೇಳಿದಳೆಂದು ನ್ಯಾಯಾಧೀಶರು ಎಲ್ಲೂ ಬರೆದಿಲ್ಲ. ಹೇಳಿದ್ದು ಆಕೆಯೇನಾ, ಹೇಳುವಾಗ ಎಚ್ಚರ ನೆಟ್ಟಗಿತ್ತಾ, ಆಡಿದ್ದು ಆಕೆಯದೇ ಮಾತಾ ಅಥವಾ ಪಕ್ಕದವರು ಹೇಳಿಕೊಟ್ಟದ್ದಾ ಎಂದಷ್ಟೇ ಅವರು ಅನುಮಾನಪಟ್ಟಿದ್ದಾರೆ. ಮೇಲ್ಮನವಿಯಲ್ಲಿ ನಾವು ಮಗಳ ಮಾತು ನಿಜವೆಂದು ತೋರಿಸಿದರೆ ಸಾಲದು, ನ್ಯಾಯಾಧೀಶರ ಅನುಮಾನಕ್ಕೆ ಜಾಗವೇ ಇರಲಿಲ್ಲ ಎಂದು ತೋರಿಸಬೇಕು. ಈ ಎರಡು ಕೆಲಸಗಳ ನಡುವಿನ ಅಂತರ ಬಹಳ ದೊಡ್ಡದು, ನನ್ನ ಬಳಿ ಬರುವ ಕುಟುಂಬಗಳಿಗೆ ಅರ್ಥ ಮಾಡಿಸಲು ಅತಿ ಕಷ್ಟವಾಗುವುದೂ ಅದೇ.

ಶಿಕ್ಷೆಯ ವಿರುದ್ಧದ ಮೇಲ್ಮನವಿ ಬೇರೆ, ಖುಲಾಸೆಯ ವಿರುದ್ಧದ್ದು ಬೇರೆ. 1934ರಲ್ಲಿ ಶಿವಸ್ವರೂಪ್ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದ್ದು ಇಂದಿಗೂ ಬುನಾದಿ. ಹೈಕೋರ್ಟಿಗೆ ಇಡೀ ಸಾಕ್ಷ್ಯವನ್ನು ಮತ್ತೆ ತೂಗುವ ಪೂರ್ಣ ಅಧಿಕಾರವಿದೆ, ಆದರೆ ಸಾಕ್ಷಿಯ ಮುಖ ನೋಡಿ ಮಾತು ಕೇಳಿದ ವಿಚಾರಣಾ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು, ಅದನ್ನು ಕದಲಿಸುವಾಗ ಅವಸರ ಮಾಡಬಾರದು. 2007ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಚಂದ್ರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ಕ್ರೋಡೀಕರಿಸಿತು. ಪ್ರತಿ ಆರೋಪಿಯೂ ಮೊದಲೇ ನಿರಪರಾಧಿ ಎಂಬ ಭಾವನೆಯ ರಕ್ಷಣೆಯಲ್ಲಿರುತ್ತಾನೆ, ಖುಲಾಸೆಯಾದ ಮೇಲೆ ಆ ರಕ್ಷಣೆ ಇಮ್ಮಡಿಯಾಗುತ್ತದೆ. ಅದೇ ಸಾಕ್ಷ್ಯದಿಂದ ಎರಡು ತೀರ್ಮಾನಗಳು ಸಾಧ್ಯವಿದ್ದು ಕೆಳಗಿನ ಕೋರ್ಟು ಒಂದನ್ನು ಹಿಡಿದಿದ್ದರೆ, ಇನ್ನೊಂದು ತನಗೆ ಹೆಚ್ಚು ಸರಿ ಕಂಡಿತೆಂಬ ಕಾರಣಕ್ಕೆ ಹೈಕೋರ್ಟ್ ಕೈ ಹಾಕಬಾರದು.

ಇನ್ನು ಆ ಪ್ರಕರಣದ ಕಾಗದಗಳಿಗೆ ಬರುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಕಾನೂನಿನ ಗಂಟು ಮಾತ್ರ ಇದ್ದ ಹಾಗೇ ಇದೆ.

ಮೊದಲ ಹೇಳಿಕೆ ಆಸ್ಪತ್ರೆಯ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳ, ರಿಜಿಸ್ಟರಿನಲ್ಲಿತ್ತು. ರಾತ್ರಿ 9.40. ‘ಅಡುಗೆ ಮಾಡುವಾಗ ಸ್ಟೌ ಸಿಡಿದು ಬೆಂಕಿ ತಗುಲಿದೆ.’ ಪಕ್ಕದ ಕಾಲಂನಲ್ಲಿ, ಕರೆತಂದವರು: ಗಂಡ. ಸುಟ್ಟಗಾಯದ ಪ್ರಕರಣಗಳಲ್ಲಿ ಈ ‘ಸ್ಟೌ ಸಿಡಿದು’ ಎಂಬ ಎರಡು ಪದಗಳನ್ನು ಎಷ್ಟು ಕಡತಗಳಲ್ಲಿ ಓದಿದ್ದೇನೋ ಲೆಕ್ಕವಿಟ್ಟಿಲ್ಲ. ಹಚ್ಚಿದವನೇ ಸ್ಟ್ರೆಚರ್ ಹಿಡಿದು ನಿಂತಿರುವಾಗ, ಮನೆಯಲ್ಲಿ ಮಕ್ಕಳು ಅವನ ತಾಯಿಯ ಹತ್ತಿರ ಇರುವಾಗ, ಹೆಣ್ಣುಮಗಳ ಬಾಯಿಂದ ಬೇರೆ ಯಾವ ಮಾತು ಬಂದೀತು? ಆದರೆ ಇದು ನನ್ನ ತಿಳಿವಳಿಕೆ, ಸಾಕ್ಷ್ಯವಲ್ಲ. ಸಾಕ್ಷ್ಯ ಬೇಕೆಂದರೆ ಆ ಮಾತನ್ನು ಹೇಳಿದ್ದು ಗಾಯಾಳುವೋ ಕರೆತಂದವನೋ ಎಂದು ವೈದ್ಯರು ಬರೆದಿರಬೇಕಿತ್ತು. ಪಾಟೀಸವಾಲಿನಲ್ಲಿ ಅವರು ‘ಯಾರು ಹೇಳಿದರೆಂದು ಈಗ ನೆನಪಿಲ್ಲ’ ಎಂದರು. ಇತ್ತ ಸ್ಥಳ ಪಂಚನಾಮೆಯಲ್ಲಿ ಸ್ಟೌ ಸಿಡಿದಿರಲಿಲ್ಲ, ಟ್ಯಾಂಕು ಬರ್ನರು ಎರಡೂ ಇದ್ದಂತೆಯೇ ಇದ್ದವು. ಗಾಯಗಳು ತಲೆ, ಬೆನ್ನು, ಹೆಗಲ ಮೇಲೆ ಹೆಚ್ಚಿದ್ದವು. ಮೊದಲ ಹೇಳಿಕೆಯನ್ನು ಕೆಡವಲು ನಮಗೆ ಇಷ್ಟು ಸಾಕಿತ್ತು.

ಎರಡನೆಯದನ್ನು ಅದೇ ರಾತ್ರಿ 11.15ಕ್ಕೆ ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡಿದ್ದರು. ಒಂದೂವರೆ ಪುಟ. ಗಂಡ ಹಣದ ವಿಷಯಕ್ಕೆ ಜಗಳ ತೆಗೆದು ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ ಎಂದು ನೇರವಾಗಿ, ಅವನೊಬ್ಬನ ಹೆಸರನ್ನೇ ಹೇಳಿತ್ತು. ಇಡೀ ಕಡತದಲ್ಲಿ ನನಗೆ ನಿಜದ ದನಿ ಕೇಳಿಸಿದ್ದು ಈ ಹಾಳೆಯಲ್ಲಿ. ಕೊನೆಯಲ್ಲಿ ವೈದ್ಯರ ಷರಾ: ‘ರೋಗಿ ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾರೆ.’ ಸಹಿ ಇತ್ತು, ಸಮಯ ಇರಲಿಲ್ಲ. ಕೇಸ್ ಶೀಟಿನಲ್ಲಿ ಮಾತ್ರ 10.50ಕ್ಕೆ ನೋವಿನ ಇಂಜೆಕ್ಷನ್ ಕೊಟ್ಟ ದಾಖಲೆ ಇತ್ತು. ‘ಈ ಔಷಧದಿಂದ ಮಂಪರು ಬರಬಹುದಲ್ಲವೇ?’ ಎಂದು ಆರೋಪಿ ಪರ ವಕೀಲರು ಕೇಳಿದಾಗ ವೈದ್ಯರು ‘ಬರಬಹುದು’ ಎಂದರು. ಆ ರಾತ್ರಿ ಈ ರೋಗಿಗೆ ಮಂಪರು ಬಂದಿತ್ತೇ ಎಂದು ಮರುವಿಚಾರಣೆಯಲ್ಲಿ ಅಭಿಯೋಜಕರು ಕೇಳಬೇಕಿತ್ತು, ಕೇಳಲಿಲ್ಲ.

ಮೂರನೆಯದು ಮರುದಿನ ಸಂಜೆ ಐದಕ್ಕೆ ತಹಶೀಲ್ದಾರರು, ಅಂದರೆ ತಾಲ್ಲೂಕು ದಂಡಾಧಿಕಾರಿಗಳು, ಪ್ರಶ್ನೋತ್ತರ ರೂಪದಲ್ಲಿ ದಾಖಲಿಸಿದ್ದು. ನಮೂನೆಯ ದೃಷ್ಟಿಯಿಂದ ಮೂರರಲ್ಲಿ ಇದೇ ಅಚ್ಚುಕಟ್ಟು. ಷರಾ, ಸಮಯ, ಓದಿ ಹೇಳಿದ್ದರ ಟಿಪ್ಪಣಿ, ಎಲ್ಲ ಇತ್ತು. ಆದರೆ ಇದರಲ್ಲಿ ಗಂಡನ ಜೊತೆ ಅತ್ತೆ, ಮೈದುನ ಇಬ್ಬರೂ ಸೇರಿದ್ದರು. ಒಬ್ಬರು ಕೈ ಹಿಡಿದರು, ಒಬ್ಬರು ಡಬ್ಬಿ ತಂದುಕೊಟ್ಟರು. ತವರಿನವರು ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಬಂದು ಹಾಸಿಗೆಯ ಪಕ್ಕ ಕೂತಿದ್ದರೆಂದು ತಾಯಿಯೇ ಸಾಕ್ಷಿ ನುಡಿದಿದ್ದರು. ಹೇಳಿಕೊಟ್ಟ ಮಾತೆಂದು ನ್ಯಾಯಾಧೀಶರು ಬರೆದರು. ನನಗೂ ಹಾಗೇ ಅನ್ನಿಸಿತು ಎಂದು ಇಲ್ಲಿ ಬರೆಯಲು ಸಂಕಟವಾಗುತ್ತದೆ, ಆದರೂ ಬರೆಯಬೇಕು. ಮಗಳನ್ನು ಕಳೆದುಕೊಳ್ಳುತ್ತಿರುವವರ ಸಿಟ್ಟು ಇಡೀ ಮನೆಯ ಮೇಲೆ ಹರಿಯುತ್ತದೆ. ಸೇರಿಸಿದ ಎರಡು ಹೆಸರುಗಳು ಮೂರನೆಯ ಹಾಳೆಯನ್ನು ಕೆಡಿಸಿದ್ದಲ್ಲದೆ ಎರಡನೆಯದಕ್ಕೂ ಮಸಿ ಹಚ್ಚಿದವು.

ಹೇಳಿಕೆಗಳು ಒಂದಕ್ಕಿಂತ ಹೆಚ್ಚಿದ್ದು ಒಂದಕ್ಕೊಂದು ಹೊಂದದಿದ್ದರೆ ಎಲ್ಲವನ್ನೂ ಬಿಸಾಡಬೇಕೆಂಬ ನಿಯಮವಿಲ್ಲ. ಪ್ರತಿಯೊಂದನ್ನೂ ಅದರದರ ಯೋಗ್ಯತೆಯ ಮೇಲೆ ಪರೀಕ್ಷಿಸಬೇಕು. ನಂಬಿಕೆಗೆ ಅರ್ಹವಾದದ್ದು ಒಂದೇ ಇದ್ದರೂ, ಬೇರೆ ಪೂರಕ ಸಾಕ್ಷ್ಯವಿಲ್ಲದೆ ಅದರ ಮೇಲೆಯೇ ಶಿಕ್ಷೆ ಕೊಡಬಹುದು. ನಾಗಪುರದ ಕಾರ್ಮಿಕರ ಗುಂಪು ಜಗಳದಿಂದ ಹುಟ್ಟಿದ ಖುಶಾಲ್ ರಾವ್ ಪ್ರಕರಣದಲ್ಲಿ 1957ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಅಲ್ಲಿಯೂ ಗಾಯಾಳು ಕೆಲವೇ ತಾಸುಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೇಳಿಕೆ ಕೊಟ್ಟಿದ್ದ.

ನಮ್ಮ ಸೆಷನ್ಸ್ ನ್ಯಾಯಾಧೀಶರು ಎರಡನೆಯ ಹೇಳಿಕೆಯನ್ನು ನಂಬದಿರಲು ಮೂರು ಕಾರಣ ಕೊಟ್ಟಿದ್ದರು. ಒಂದು, ಬರೆದುಕೊಂಡವರು ಪೊಲೀಸರು, ಮ್ಯಾಜಿಸ್ಟ್ರೇಟರಲ್ಲ. ಇದು ಕಾನೂನಿನ ತಪ್ಪು. ಮರಣಪೂರ್ವ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೇ ದಾಖಲಿಸಬೇಕೆಂಬ ಕಡ್ಡಾಯವಿಲ್ಲ ಎಂದು 2003ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ವೈದ್ಯರ ಷರಾ ಕೂಡ ಅನಿವಾರ್ಯವಲ್ಲ, ಬರೆದುಕೊಂಡವರಿಗೆ ಆಕೆಯ ಸ್ಥಿತಿ ಮನವರಿಕೆಯಾಗಿದ್ದರೆ ಸಾಕು ಎಂದು 2002ರ ಲಕ್ಷ್ಮಣ್ ಪ್ರಕರಣದಲ್ಲಿ ಸಂವಿಧಾನ ಪೀಠವೇ ತೀರ್ಮಾನಿಸಿದೆ. ಎರಡು, ಶೇ. 70ರಷ್ಟು ಸುಟ್ಟವರು ಅಷ್ಟು ಉದ್ದ ಮಾತಾಡಲಾರರು. ಇದು ಬರೀ ಊಹೆ. ಸುಟ್ಟ ಪ್ರಮಾಣ ಒಂದೇ ಹೇಳಿಕೆಯ ಹಣೆಬರಹ ಬರೆಯುವುದಿಲ್ಲ ಎಂಬುದೂ 2003ರ ಇನ್ನೊಂದು ಕರ್ನಾಟಕದ ಪ್ರಕರಣದಲ್ಲಿ ಇತ್ಯರ್ಥವಾಗಿದೆ. ಬರ್ನ್ಸ್ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಇದು ಗೊತ್ತಿರುತ್ತದೆ. ಮೊದಲ ತಾಸುಗಳಲ್ಲಿ ಹಲವರು ಪೂರ್ಣ ಎಚ್ಚರದಲ್ಲಿದ್ದು, ಮಕ್ಕಳಿಗೆ ಊಟ ಆಯ್ತಾ ಎಂದು ಕೇಳುತ್ತಾರೆ. ಅವರನ್ನು ಕೊಲ್ಲುವುದು ಬಹಳ ಸಲ ಆಮೇಲೆ ಏರುವ ಸೋಂಕು. ಮೂರು, ಇಂಜೆಕ್ಷನ್.

ಈ ಮೂರನೆಯದರ ಹತ್ತಿರ ನಾನು ತಿಂಗಳುಗಟ್ಟಲೆ ಕೂತೆ. ಕೇಸ್ ಶೀಟಿನ ಝೆರಾಕ್ಸ್ ಪ್ರತಿಯನ್ನು ಪುಟ ಪುಟ ತಿರುವುತ್ತಿದ್ದಾಗ ಹಿಂಬದಿಯಲ್ಲಿ ನರ್ಸುಗಳ ಚಾರ್ಟ್ ಸಿಕ್ಕಿತು. ಓರೆ ಅಕ್ಷರ. ರಾತ್ರಿ 11 ಗಂಟೆ: ‘ಪ್ರಜ್ಞೆ ಇದೆ. ಮಾತಾಡುತ್ತಿದ್ದಾರೆ. ನೀರು ಕೇಳಿದರು.’ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷದ ನಂತರ, ಹೇಳಿಕೆ ಬರೆಯುವ ಕಾಲು ತಾಸು ಮೊದಲು. ನ್ಯಾಯಾಧೀಶರ ಅನುಮಾನಕ್ಕೆ ಉತ್ತರ ಈ ಮೂರು ಪುಟ್ಟ ವಾಕ್ಯಗಳಲ್ಲಿತ್ತು. ಆದರೆ ಆ ಚಾರ್ಟನ್ನು ವಿಚಾರಣೆಯಲ್ಲಿ ನಿಶಾನೆಯಾಗಿ, ಅಂದರೆ ಸಾಕ್ಷ್ಯದ ದಾಖಲೆಯಾಗಿ, ಗುರುತಿಸಿರಲಿಲ್ಲ. ಬರೆದ ನರ್ಸ್ ಸಾಕ್ಷಿಪಟ್ಟಿಯಲ್ಲೇ ಇರಲಿಲ್ಲ.

ಹೆಚ್ಚುವರಿ ಸಾಕ್ಷ್ಯಕ್ಕಾಗಿ ದಂಡ ಪ್ರಕ್ರಿಯಾ ಸಂಹಿತೆಯ 391ನೇ ಕಲಮಿನಡಿ ಅರ್ಜಿ ಹಾಕಿದೆ. ಎದುರು ವಕೀಲರ ಆಕ್ಷೇಪಣೆಯೂ ಬಲವಾಗಿತ್ತು. ಅಭಿಯೋಜನೆ ಬಿಟ್ಟ ತೂತನ್ನು ವರ್ಷಗಳ ನಂತರ ಮೇಲ್ಮನವಿಯಲ್ಲಿ ಮುಚ್ಚಲು ಬಿಟ್ಟರೆ ಯಾವ ಖುಲಾಸೆಗೂ ಅರ್ಥವಿರುವುದಿಲ್ಲ ಎಂದರು. ಪೀಠ ಅರ್ಜಿಯನ್ನು ತಿರಸ್ಕರಿಸಿತು. ನಂತರದ ತೀರ್ಪಿನಲ್ಲಿ, ಕೆಳ ನ್ಯಾಯಾಲಯದ ಮೊದಲ ಎರಡು ಕಾರಣಗಳು ತಪ್ಪು ಎಂದು ನಮ್ಮ ವಾದವನ್ನು ಒಪ್ಪಿಕೊಂಡಿತು. ಆದರೆ ದಾಖಲೆಯಲ್ಲಿರುವ ಸಾಕ್ಷ್ಯದ ಮಟ್ಟಿಗೆ ಮೂರನೆಯ ಅನುಮಾನ ಅಸಾಧ್ಯವಾದದ್ದಲ್ಲ ಎಂದಿತು. ಎರಡು ಕಾಲು ಮುರಿದರೂ ಒಂದರ ಮೇಲೆ ಖುಲಾಸೆ ನಿಂತಿತು. ಕೊಲೆ ಆರೋಪದ ಮಟ್ಟಿಗೆ ಮೇಲ್ಮನವಿ ವಜಾ ಆಯಿತು. ತಂದೆತಾಯಿಯ ಸಾಕ್ಷ್ಯದ ಮೇಲೆ ಹೆಂಡತಿಗೆ ಕ್ರೌರ್ಯ ಎಸಗಿದ್ದಕ್ಕೆ ದಂಡ ಸಂಹಿತೆಯ 498-ಎ ಕಲಮಿನಡಿ ಗಂಡನಿಗೆ ಶಿಕ್ಷೆಯಾಯಿತು.

ಆ ಪೀಠ ತಪ್ಪು ಮಾಡಿತೆಂದು ನಾನು ಹೇಳಲಾರೆ. ಸತ್ತವಳನ್ನು ಪಾಟೀಸವಾಲು ಮಾಡಲು ಆರೋಪಿಗೆ ಆಗುವುದಿಲ್ಲ, ಆದ್ದರಿಂದ ಹಾಳೆಯನ್ನೇ ಪಾಟೀಸವಾಲಿಗೆ ಒಡ್ಡಬೇಕಾಗುತ್ತದೆ. ಹಾಳೆಗಳೂ ಸುಳ್ಳು ಹೇಳಿದ್ದುಂಟು. 1998ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪಂಜಾಬಿನ ಪ್ರಕರಣವೊಂದರಲ್ಲಿ ಎರಡೂ ಹೆಬ್ಬೆರಳು ಸುಟ್ಟಿದ್ದವೆಂದು ವೈದ್ಯರೇ ಹೇಳಿದ್ದರು. ಹೇಳಿಕೆಯ ಕೆಳಗಿನ ಹೆಬ್ಬೆಟ್ಟಿನ ಗುರುತಿನಲ್ಲಿ ಮಾತ್ರ ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿದ್ದವು. ಆ ಖುಲಾಸೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ನನ್ನ ಸಿಟ್ಟೆಲ್ಲ ವಾರ್ಡಿನ ಆ ರಾತ್ರಿಯ ಬಗ್ಗೆ. ಷರಾ ಬರೆಯುವ ವೈದ್ಯರು ಹೇಳಿಕೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಗಡಿಯಾರ ನೋಡಿ ಸಮಯ ಹಾಕಿದ್ದರೆ ಸಾಕಿತ್ತು. ‘ಪ್ರಜ್ಞೆ ಇದೆ’ ಎನ್ನುವುದು ಬೇರೆ, ‘ಹೇಳಿಕೆ ಕೊಡುವ ಮಾನಸಿಕ ಸ್ಥಿತಿ ಇದೆ’ ಎನ್ನುವುದು ಬೇರೆ. ಬರೆಯುವವರು ಸಂಬಂಧಿಕರನ್ನು ಆಚೆ ಕಳಿಸಿ, ಕಳಿಸಿದ್ದನ್ನೂ ಬರೆಯಬೇಕು. ಕೈ ಪೂರ್ತಿ ಸುಟ್ಟಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ತೆಗೆದುಕೊಂಡು, ಯಾಕೆ ಹಾಗೆ ಮಾಡಿದೆವೆಂದು ಒಂದು ಸಾಲು ಸೇರಿಸಬೇಕು. ಲಂಬಾಣಿಯಲ್ಲೋ ಉರ್ದುವಿನಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ಬರೆದಿದ್ದರೆ ಅನುವಾದಿಸಿದವರು ಯಾರೆಂದು ಹೆಸರು ಹಾಕಬೇಕು. ಹೆಣ್ಣುಮಗಳೊಬ್ಬಳು ಕೊನೆಯ ಉಸಿರಿನಲ್ಲಿ ಆಡಿದ ಮಾತು ನಿಲ್ಲುವುದೂ ಬೀಳುವುದೂ ಇಂಥ ಸಾಲುಗಳ ಮೇಲೆ.

ಖುಲಾಸೆಯ ತೀರ್ಪು ಹಿಡಿದು ಕೂತಿರುವ ಕುಟುಂಬಗಳಿಗೆ ಒಂದೆರಡು ಮಾತು. ಸರ್ಕಾರ ಮೇಲ್ಮನವಿ ಹಾಕಬೇಕೆಂದರೆ ಹೈಕೋರ್ಟಿನ ಅನುಮತಿ ಬೇಕು. 2009ರ ಡಿಸೆಂಬರ್ 31ರಿಂದ ಸಂತ್ರಸ್ತರಿಗೆ ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಮಿಗೆ ಸೇರಿಸಿದ ಪರಂತುಕದಡಿ ಸ್ವತಂತ್ರ ಹಕ್ಕಿದೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 413ನೇ ಕಲಂ. ಅವರು ಅನುಮತಿ ಕೇಳಬೇಕಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿದ್ದು ಕೂಡ ಕರ್ನಾಟಕದ ಪ್ರಕರಣದಲ್ಲೇ. ಸರ್ಕಾರದ ಕಡತ ಮೇಜಿಂದ ಮೇಜಿಗೆ ಹೋಗುವುದನ್ನು ಕಾಯುತ್ತ ಕೂರಬೇಡಿ, ತಡಮಾಡದೆ ವಕೀಲರನ್ನು ಕಾಣಿ. ಅದಕ್ಕಿಂತ ಮೊದಲು, ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ, ಆಸ್ಪತ್ರೆಯ ಕೇಸ್ ಶೀಟನ್ನು ನರ್ಸುಗಳ ಚಾರ್ಟಿನ ಸಮೇತ ತರಿಸಿ ಅಭಿಯೋಜಕರ ಕೈಗೆ ಕೊಡಿ. ಸಾಕ್ಷಿಪಟ್ಟಿಯಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸ್ ಹೆಸರು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅಂದೇ ಅರ್ಜಿ ಹಾಕಿಸಿ.