ಮಗ್ಗಿ ಮರೆತವರು ಯಾರು?

ಇಂದಿನ ಮಕ್ಕಳಿಗೆ ಲೆಕ್ಕವೂ ಬಾರದು, ನೆಟ್ಟಗೆ ಬರೆಯಲೂ ಬಾರದು, ಹಿಂದಿನವರು ಹೀಗಿರಲಿಲ್ಲ ಎಂಬ ಕೊರಗು ಆಗಾಗ ಕೇಳುತ್ತದೆ. ಸೇರಿಗೆ ಎರಡೂವರೆ ಆಣೆಯಾದರೆ ಮೂರೂವರೆ ಸೇರಿಗೆ ಎಷ್ಟು ಎಂದು ಕೇಳಿದರೆ, ಎಂಟೂಮುಕ್ಕಾಲು ಆಣೆ ಎಂದು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ ಅಂಗಡಿಯವರನ್ನು ಕಂಡವರು ಇನ್ನೂ ಇದ್ದಾರೆ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳು ಬಾಯಿಪಾಠವಾಗಿದ್ದ ಆ ತಲೆಮಾರಿನೆದುರು, ಕೂಡುವುದಕ್ಕೂ ಮೊಬೈಲ್ ತೆಗೆಯುವ ಇಂದಿನವರು ಸಪ್ಪೆಯಾಗಿ ಕಾಣುವುದು ಸಹಜ. ಆದರೆ ಆ ಮಗ್ಗಿಗಳನ್ನು ಹುಡುಗರು ಸೋಮಾರಿತನದಿಂದ ಮರೆತದ್ದಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರು ಆಣೆಯ ಬದಲು ನೂರು ನಯೇ ಪೈಸೆಯ ಲೆಕ್ಕ ಬಂದು, ಮರುವರ್ಷದಿಂದ ಸೇರು, ಮಣಗಳ ಜಾಗಕ್ಕೆ ಕಿಲೋಗ್ರಾಂ ಬರತೊಡಗಿದ ಮೇಲೆ, ಭಿನ್ನರಾಶಿಯ ಮಗ್ಗಿಗೆ ಪೇಟೆಯಲ್ಲಿ ಕೆಲಸವೇ ಉಳಿಯಲಿಲ್ಲ.

ಹಾಗಾದರೆ ಹಿಂದೆ ಎಲ್ಲರಿಗೂ ಲೆಕ್ಕ, ಬರಹ ಬರುತ್ತಿತ್ತೇ? ಇದಕ್ಕೆ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರಕಾರಕ್ಕೆ ಬರೆದ ವರದಿ ಒಳ್ಳೆಯ ಸಾಕ್ಷಿ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನೂ, ಗಂಜಿ ಹಾಕಿ ಮಡಿಸಿ ಇದ್ದಿಲಿನ ಲೇಪ ಕೊಟ್ಟ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದು ಅಳಿಸುತ್ತಿದ್ದುದನ್ನೂ, ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಕಲಿಸುತ್ತಿದ್ದುದನ್ನೂ ಆತ ಮೆಚ್ಚಿ ವರ್ಣಿಸಿದ್ದಾನೆ. ಅದೇ ಉಸಿರಿನಲ್ಲಿ, ಹುಡುಗರು ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಯಂತೆ ಒಪ್ಪಿಸುತ್ತಾರೆ ಎಂದು ದೂರಿದ್ದಾನೆ; ಜನ ಬಡವಾದುದರಿಂದ ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲವೆಂದು ಹೇಳಿ, ಅದರಲ್ಲಿ ಕಂಪನಿ ಆಡಳಿತದ ಪಾಲಿದೆಯೆಂಬುದನ್ನೂ ಮುಚ್ಚಿಡಲಿಲ್ಲ. ಕಲಿಕೆ ಕುಸಿಯುತ್ತಿದೆ ಎಂಬ ಕೊರಗಿಗೆ, ಅಂದರೆ, ಕನಿಷ್ಠ ಇನ್ನೂರು ವರ್ಷ ವಯಸ್ಸಾಗಿದೆ.

ಆದರೆ ಆ ವರದಿಯಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಅದರ ಅಂಕಿಗಳು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ, ಕನ್ನಡ ಮತ್ತು ತೆಲುಗು ಸೀಮೆಗಳೆರಡನ್ನೂ ಒಳಗೊಂಡಿದ್ದ ಅಂದಿನ ಆ ಜಿಲ್ಲೆಯಲ್ಲಿ ಇದ್ದದ್ದು 533 ಶಾಲೆ, 6,641 ವಿದ್ಯಾರ್ಥಿಗಳು. ಅವರಲ್ಲಿ ಹುಡುಗಿಯರು 60. ಸಾವಿರ ಜನರಿಗೆ ಏಳು ಮಕ್ಕಳು! ಮಗ್ಗಿಯಲ್ಲಿ ಪಳಗಿದವರು ಈ ಏಳರೊಳಗಿನವರು, ಅದರಲ್ಲೂ ಲೆಕ್ಕವೇ ಕುಲಕಸುಬಾಗಿದ್ದ ಶಾನುಭೋಗರ, ವರ್ತಕರ ಮನೆಯವರು. ಉಳಿದವರ ಕೈಬರಹ ಕೆಡಲು ಅವರ ಕೈಗೆ ಬಳಪವೇ ಬಂದಿರಲಿಲ್ಲ. 1951ರಲ್ಲೂ ದೇಶದ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು. 2011ರ ಹೊತ್ತಿಗೆ ಕರ್ನಾಟಕದಲ್ಲಿ ಅದು ಶೇ 75 ದಾಟಿತ್ತು. ಅಜ್ಜನ ಕಾಲದ ಆಯ್ದ ಕೆಲವರನ್ನು ಇಂದಿನ ಎಲ್ಲರೊಡನೆ ತೂಗಿದರೆ ತಕ್ಕಡಿ ವಾಲುವುದು ಖಚಿತ.

ಹಾಗೆಂದು ಇಂದಿನ ಕೊರತೆ ಬರೀ ಭ್ರಮೆಯೂ ಅಲ್ಲ. ಪ್ರಥಮ್ ಸಂಸ್ಥೆ 2005ರಿಂದ ಗ್ರಾಮೀಣ ಮಕ್ಕಳ ಮನೆಗೇ ಹೋಗಿ ನಡೆಸುತ್ತಿರುವ 'ಅಸರ್' ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸರಳ ಭಾಗಾಕಾರ ಮಾಡಬಲ್ಲ ಐದನೇ ತರಗತಿಯ ಮಕ್ಕಳು 2010ರಲ್ಲಿ ಸುಮಾರು ಶೇ 36ರಷ್ಟಿದ್ದವರು 2018ರಲ್ಲಿ ಶೇ 28ಕ್ಕೆ ಇಳಿದರು. ಕೋವಿಡ್‌ಗೆ ಮುಂಚಿನ ಈ ಇಳಿತಕ್ಕೆ ಹಲವರು ಶಿಕ್ಷಣ ಹಕ್ಕು ಕಾಯ್ದೆಯ ಅನುತ್ತೀರ್ಣಗೊಳಿಸದ ನಿಯಮವನ್ನು ದೂರುತ್ತಾರೆ. ಅದಕ್ಕಿಂತ, ಹಿಂದುಳಿದ ಮಗುವಿಗಾಗಿ ನಿಲ್ಲದೆ ಓಡುವ ಪಠ್ಯಕ್ರಮವೇ ಹೆಚ್ಚಿನ ಕಾರಣವೆಂದು ನನಗನ್ನಿಸುತ್ತದೆ. ಶಾಲೆ ಮುಚ್ಚಿದ್ದ ಕಾಲದ ಪೆಟ್ಟು ಬೇರೆ: ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯವರು ಗ್ರಾಮೀಣ ಕರ್ನಾಟಕದಲ್ಲಿ 2018ರ ಸುಮಾರು ಶೇ 19ರಿಂದ, 2021ರ ಮಾರ್ಚ್‌ನ ಸಮೀಕ್ಷೆಯಲ್ಲಿ ಶೇ 10ರ ಹತ್ತಿರಕ್ಕೆ ಬಂದರು. ದೇಶದ ಮಟ್ಟದಲ್ಲಿ 2024ರ ಹೊತ್ತಿಗೆ ಚೇತರಿಕೆ ಕಂಡಿತು; ವ್ಯವಕಲನ ಬಲ್ಲ ಮೂರನೇ ತರಗತಿಯವರು ಶೇ 33ನ್ನು ದಾಟಿದರು, ಅದು 2018ಕ್ಕಿಂತಲೂ ಮೇಲು.

ಬರಹದ ಮಾತು ಇನ್ನೂ ತೊಡಕಿನದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ 'ನಲಿ-ಕಲಿ' ಪದ್ಧತಿ, ವರ್ಣಮಾಲೆಯ ಕ್ರಮ ಬಿಟ್ಟು 'ರ ಗ ಸ ದ ಅ' ಎಂದು ಸುಲಭವಾಗಿ ತಿದ್ದಬಹುದಾದ ಅಕ್ಷರಗಳಿಂದ ತೊಡಗಿದಾಗ, ಮಕ್ಕಳಿಗೆ 'ಅ ಆ ಇ ಈ' ಬಾರದೆಂದು ಹಿರಿಯರು ಗೊಣಗಿದ್ದುಂಟು. ಕಾಪಿ ಬರಹ, ಉಕ್ತಲೇಖನಗಳಿಗೆ ತರಗತಿಯಲ್ಲಿ ಸಮಯ ಕಡಿಮೆಯಾದದ್ದು, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರಿಗೆ ಒತ್ತಕ್ಷರವನ್ನು ಕೈಯಾರೆ ಕಟ್ಟುವ ಅಭ್ಯಾಸ ತಪ್ಪಿದ್ದು, ಅಲ್ಪಪ್ರಾಣ-ಮಹಾಪ್ರಾಣಗಳು ಅದಲುಬದಲಾಗುವುದು ಎಲ್ಲರಿಗೂ ಕಾಣುತ್ತದೆ. ಆದರೆ ಅಸರ್ ಮುಖ್ಯವಾಗಿ ಅಳೆಯುವುದು ಓದನ್ನು ಮತ್ತು ಲೆಕ್ಕವನ್ನು. ಮಗುವಿನ ಕೈಗೆ ಸೀಸದಕಡ್ಡಿ ಹೋಗುವುದು ಕಳೆಯುವ, ಭಾಗಿಸುವ ಹೊತ್ತಿಗೆ ಮಾತ್ರ. ಒಂದು ವಾಕ್ಯ ಬರೆ ಎಂದು ಯಾರೂ ಕೇಳುವುದಿಲ್ಲ.